ಪಾಸಾದರೆ ಒಂದು ಗುಂಡು

ನಮ್ಮ ಶಾಲೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗುವ ಹೊತ್ತಿಗೆ ಯಾರೂ ನಗುವುದಿಲ್ಲ. ಆಗ ಎಲ್ಲರಿಗೂ ಹೆದರಿಕೆ. ನಗುವುದು ಆಮೇಲೆ, ಕಾಫಿ ಕುಡಿಯುವಾಗ.

ಶಾಲೆ ಇರುವುದು ಕೊಡಗಿನ ಗಾಳಿಬೀಡಿನಿಂದ ಆಚೆ, ಒಂದು ಗುಡ್ಡದ ಬುಡದಲ್ಲಿ. ಹೆಸರಿಗೆ ಹೈಸ್ಕೂಲು. ಇರುವುದು ಮೂರು ಕೋಣೆ. ನಾನು ಅಲ್ಲಿ ಜವಾನ. ಗಂಟೆ ಹೊಡೆಯುತ್ತೇನೆ. ನೀರು ಸೇದುತ್ತೇನೆ. ಅರಕಲಗೂಡಿನ ಕಡೆಯವನು, ಹೊಟ್ಟೆಪಾಡಿಗೆ ಈ ಕಡೆ ಬಂದೆ. ಓದಿದ್ದು ಮೂರನೇ ಕ್ಲಾಸು. ಬರೆದದ್ದು ತಪ್ಪಿದ್ದರೆ ತಿದ್ದಿಕೊಂಡು ಓದಿ.

ಶಾಲೆಯ ಹಿಂದೆ ಒಂದು ಕೋಣೆ. ಅಲ್ಲಿ ನಾನು, ನನ್ನ ಹೆಂಡತಿ. ಕಸ ಗುಡಿಸುವುದು, ಮೇಷ್ಟ್ರುಗಳಿಗೆ ಕಾಫಿ ಕಾಯಿಸುವುದು ಅವಳ ಕೆಲಸ. ಊರಲ್ಲಿ ನಮಗೆ ಮನೆಯಿಲ್ಲ, ಗದ್ದೆಯಿಲ್ಲ. ಶಾಲೆ ಇದ್ದರೆ ಕೋಣೆ. ಶಾಲೆ ಇಲ್ಲದಿದ್ದರೆ ರಸ್ತೆ.

ಆ ಶಾಲೆಯನ್ನು ಮುಚ್ಚುತ್ತಾರೆ ಎನ್ನುವ ಮಾತು ನಾವು ಬಂದಾಗಿನಿಂದ ಇದೆ. ಮಕ್ಕಳು ಕಡಿಮೆ. ಇರುವವರೂ ಪಾಸಾಗುವುದಿಲ್ಲ. ಕೊಡಗು ಚಿಕ್ಕ ರಾಜ್ಯ, ಇಂಥ ಶಾಲೆಯನ್ನು ಎಷ್ಟು ದಿನ ಸಾಕುವುದು ಎಂದು ಮಡಿಕೇರಿಯವರು ಕೇಳುತ್ತಿದ್ದರು. ಈಗ ಕೊಡಗನ್ನೇ ಮೈಸೂರಿಗೆ ಸೇರಿಸುತ್ತಾರಂತೆ. ಅದು ಹೊಸ ಹೆದರಿಕೆ.

ಈ ಸಂಗತಿಗಳನ್ನೆಲ್ಲ ಹೇಳುತ್ತಿದ್ದವಳು ನನ್ನ ಹೆಂಡತಿ. ಈಗ ಅವಳಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಅವಳ ಹಾಗೆ ಬರುವುದಿಲ್ಲ.

ಹಾಜರಿ

ನಾಟಿ ಕಾಲ. ಮಳೆ ಬಿಡದೆ ಹೊಡೆಯುತ್ತಿತ್ತು. ಮಕ್ಕಳಲ್ಲಿ ಅರ್ಧ ಜನ ಗದ್ದೆಯಲ್ಲಿ. ಒಂದು ಕೋಣೆ ತುಂಬುವಷ್ಟು ಮಾತ್ರ ಶಾಲೆಗೆ ಬರುತ್ತಿದ್ದರು. ಅಂಥ ದಿನ ಇನ್‌ಸ್ಪೆಕ್ಟರು ಶಾಲೆ ನೋಡಲು ಬರುತ್ತಾರೆ ಎಂದು ತಿಳಿಯಿತು.

ನಮ್ಮ ಹೆಡ್ ಮೇಷ್ಟ್ರು ಮೈಸೂರಿನವರು. ಒಳ್ಳೆಯವರು. ಹೆದರಿದರೆ ಕನ್ನಡಕ ಒರೆಸುತ್ತಾರೆ. ಅವತ್ತು ಬೆಳಗ್ಗೆಯಿಂದ ಒರೆಸುತ್ತಲೇ ಇದ್ದರು.

ಕೊನೆಗೆ ಒಂದು ಉಪಾಯ ಮಾಡಿದರು. ಮೊದಲ ಕೋಣೆಯಲ್ಲಿ ಎಲ್ಲ ಮಕ್ಕಳೂ ಕೂರಬೇಕು. ಇನ್‌ಸ್ಪೆಕ್ಟರು ಅದನ್ನು ನೋಡಿ ಹೊರಗೆ ಬಂದಾಗ ನನ್ನ ಹೆಂಡತಿ ಕಾಫಿ ಕೊಡಬೇಕು. ಅವರು ಕುಡಿಯುವಷ್ಟರಲ್ಲಿ ಮಕ್ಕಳು ಹಿಂದಿನ ಕಿಟಕಿಯಿಂದ ಇಳಿದು, ಕಾಫಿ ಗಿಡಗಳ ನಡುವೆ ಓಡಿ, ಎರಡನೇ ಕೋಣೆಯಲ್ಲಿ ಕೂರಬೇಕು. ಮೂರನೇ ಕೋಣೆಗೂ ಹಾಗೆಯೇ.

"ಮುಖ ಗುರುತು ಸಿಕ್ಕಿದರೆ?" ಅಂದೆ.

"ಜಾಗ ಬದಲಾಯಿಸಿ ಕೂರಿಸೋಣ ಕಣಯ್ಯಾ. ನನ್ನನ್ನ ಇನ್ನಷ್ಟು ಹೆದರಿಸಬೇಡ," ಅಂದರು.

ಮೊದಲ ಕೋಣೆ ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಮಕ್ಕಳು ಕಾಲು ಕೆರೆದುಕೊಳ್ಳುತ್ತಿದ್ದರು. ಮೂರನೆಯದಕ್ಕೆ ಬರುವಾಗ ನೆಲವೆಲ್ಲ ರಕ್ತ.

ಮಳೆಯಲ್ಲಿ ಕಾಫಿ ಗಿಡದ ಬುಡಕ್ಕೆ ಕಾಲಿಟ್ಟರೆ ಜಿಗಣೆ ಹತ್ತದೆ ಇರುತ್ತದೆಯೇ? ಅದನ್ನು ಉಪಾಯದಲ್ಲಿ ಯಾರೂ ಸೇರಿಸಿರಲಿಲ್ಲ.

ಇನ್‌ಸ್ಪೆಕ್ಟರು ಸಮುದ್ರದ ಕಡೆಯವರು. ಬಾಗಿಲಲ್ಲೇ ನಿಂತುಬಿಟ್ಟರು. "ಏನ್ರೀ ಇದು? ಮಕ್ಕಳಿಗೆ ಇಷ್ಟು ಹೊಡೆಯುತ್ತೀರಾ?"

ಹೆಡ್ ಮೇಷ್ಟ್ರು ಕನ್ನಡಕ ತೆಗೆದರು. ಮುಂದಿನ ಬೆಂಚಿನ ಹುಡುಗ ಎದ್ದು ಹೇಳಿದ. "ಹೊಡೆದದ್ದಲ್ಲ ಸಾರ್. ಜಿಗಣೆ."

"ಕ್ಲಾಸಿನ ಒಳಗೆ ಜಿಗಣೆ ಹೇಗೆ ಬರುತ್ತದೆ?"

"ಬರುತ್ತೆ ಸಾರ್," ಅಂದರು ಹೆಡ್ ಮೇಷ್ಟ್ರು. ಬೇರೆ ಏನು ಹೇಳಿಯಾರು?

ಇನ್‌ಸ್ಪೆಕ್ಟರು ತಮ್ಮ ಪ್ಯಾಂಟು ಎತ್ತಿ ನೋಡಿಕೊಂಡರು. ಒಂದು ಇತ್ತು. ಚೆನ್ನಾಗಿ ಕುಡಿದು ಊದಿಕೊಂಡಿತ್ತು. ಅವರು ಕೂಗಿ ಮೇಜಿನ ಮೇಲೆ ಹತ್ತಿದರು. ಅಲ್ಲೇ ಕಾಲು ಮಡಚಿ ಕೂತು ಇನ್‌ಸ್ಪೆಕ್ಷನ್ ಮುಗಿಸಿದರು. "ಮಕ್ಕಳೇನೋ ಇದ್ದಾರೆ. ಪಾಸಾಗಬೇಕಲ್ಲ? ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಒಬ್ಬರೂ ಪಾಸಾಗದಿದ್ದರೆ ಬೀಗ ಹಾಕುವುದೇ," ಅಂದರು.

ನನಗೆ ನಮ್ಮ ಹಿಂದಿನ ಕೋಣೆ ನೆನಪಾಯಿತು.

ನನ್ನ ಹೆಂಡತಿ ಸುಣ್ಣ, ಹೊಗೆಸೊಪ್ಪು ತಂದು ಅವರ ಕಾಲಿಗೆ ಒತ್ತಿದಳು. ಜಿಗಣೆ ಬಿದ್ದಿತು. ಅದನ್ನು ಒಂದು ಎಲೆಯಲ್ಲಿ ಎತ್ತಿಕೊಂಡು ಹೇಳಿದಳು.

"ಇವೂ ದಿನಾ ಬರ್ತವೆ ಸ್ವಾಮಿ. ಇವುಗಳ ಹಾಜರಿ ಮಾತ್ರ ಒಂದು ದಿನ ತಪ್ಪಿಲ್ಲ."

ಯಾರ ಪಕ್ಕ ಯಾರು

ನಮ್ಮ ಶಾಲೆಯಲ್ಲಿ ಮಕ್ಕಳು ಕಡಿಮೆ, ಭಾಷೆ ಜಾಸ್ತಿ. ಕೊಡವರ ಮಕ್ಕಳು ಇದ್ದಾರೆ. ಅರೆಭಾಷೆ ಆಡುವ ಗೌಡರ ಮಕ್ಕಳು ಇದ್ದಾರೆ. ಎಸ್ಟೇಟಿನ ಕೂಲಿಯವರ ಲೈನಿನಿಂದ ತಮಿಳು ಮಕ್ಕಳು. ಅಂಗಡಿಯವರ ಮಕ್ಕಳದು ಮಲಯಾಳ. ಲಾರಿಯವರ ಮಕ್ಕಳದು ಉರ್ದು. ಅವರವರು ಅವರವರ ಬೆಂಚಿನಲ್ಲಿ ಕೂರುತ್ತಿದ್ದರು. ಯಾರೂ ಹೇಳಿದ್ದಲ್ಲ, ಹಾಗೆ ಆಗಿತ್ತು.

ಬೀಗದ ಮಾತು ಬಂದ ಮೇಲೆ ಹೆಡ್ ಮೇಷ್ಟ್ರು ಒಂದು ಸಣ್ಣ ಪರೀಕ್ಷೆ ಇಟ್ಟರು. ಎಲ್ಲರಿಗೂ ಒಳ್ಳೆಯ ಮಾರ್ಕು ಬಂತು. ಹೆಡ್ ಮೇಷ್ಟ್ರು ಕುಣಿಯುವಂತಾದರು. ಆಮೇಲೆ ನೋಡಿದರೆ ಎಲ್ಲರ ಸರಿಯೂ ಒಂದೇ. ಎಲ್ಲರ ತಪ್ಪೂ ಒಂದೇ.

ಯಾರು ಯಾರಿಗೆ ಹೇಳಿದರು ಎಂದು ಅವರಿಗೆ ತಿಳಿಯಲಿಲ್ಲ. ಅವರ ಮುಂದೆಯೇ ಹೇಳಿದ್ದರು. ಆದರೆ ಅವರಿಗೆ ಕನ್ನಡ ಬಿಟ್ಟರೆ ಇಂಗ್ಲಿಷು. ತಮಿಳು ಬೆಂಚಿನಲ್ಲಿ ಹೇಳಿದ್ದು ಮಲಯಾಳದ ಬೆಂಚಿಗೆ ತಿಳಿಯುತ್ತದೆ. ಅಲ್ಲಿಂದ ಕೊಡವರ ಬೆಂಚಿಗೆ. ಅಲ್ಲಿಂದ ಗೌಡರ ಬೆಂಚಿಗೆ. ಒಂದು ಉತ್ತರ ಇಡೀ ಕ್ಲಾಸನ್ನು ನಡೆದು ಬಂದಿತ್ತು. ಮಕ್ಕಳು ಶ್ಲೋಕ ಹೇಳಿಕೊಳ್ಳುತ್ತಿದ್ದಾರೆ ಎಂದು ಮೇಷ್ಟ್ರು ಅಂದುಕೊಂಡಿದ್ದರು.

ಮುಂದಿನ ಪರೀಕ್ಷೆಗೆ ಎಲ್ಲರನ್ನೂ ಬೆರೆಸಿ ಕೂರಿಸಿದರು. ತಮಿಳು ಹುಡುಗಿಯ ಪಕ್ಕ ಕೊಡವ ಹುಡುಗ. ಅವನ ಪಕ್ಕ ಉರ್ದುವಿನವನು. ಕ್ಲಾಸು ದೇವಸ್ಥಾನದ ಹಾಗೆ ಶಾಂತವಾಗಿತ್ತು. ಕಾಗದವೂ ಶಾಂತವಾಗಿತ್ತು. ಒಬ್ಬಳು ಮಾತ್ರ ಬರೆದಿದ್ದಳು. ಲೈನಿನ ಮೇಸ್ತ್ರಿಯ ಮಗಳು.

"ಹಾಗಾದರೆ ನನ್ನ ಶಾಲೆಯಲ್ಲಿ ಓದುವುದು ಒಬ್ಬಳೇ," ಎಂದು ಹೆಡ್ ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಅವಳಿಗೆ ಒಂದು ಜ್ವರ ಬಂದರೆ ಶಾಲೆಗೆ ಬೀಗ. ಅವತ್ತಿನಿಂದ ಅವಳು ಸೀನಿದರೂ ಹೆಡ್ ಮೇಷ್ಟ್ರು, ನಾನು, ನನ್ನ ಹೆಂಡತಿ ಮೂವರೂ ಓಡಿಹೋಗುತ್ತಿದ್ದೆವು.

ಅವಳ ಪಕ್ಕ ಕೂತ ಕೊಡವ ಹುಡುಗ ಸುಬೇದಾರರ ಮೊಮ್ಮಗ. ಸುಬೇದಾರರು ಎಂದರೆ ಮಿಲಿಟರಿಯಿಂದ ಬಂದ ಹಿರಿಯರು. ಶಾಲೆಯ ಕಮಿಟಿಗೂ ಅವರೇ ಹಿರಿಯರು. ಮೊಮ್ಮಗನನ್ನು ಎಬ್ಬಿಸಿ ಹೆಡ್ ಮೇಷ್ಟ್ರು ಕೇಳಿದರು.

"ಏನೋ, ಹೋದ ಸಲ ಅಷ್ಟು ಬರೆದಿದ್ದೆ. ಈ ಸಲ ಯಾಕೋ ಖಾಲಿ?"

"ಪಕ್ಕದವಳ ಭಾಷೆ ಬರೋದಿಲ್ಲ ಸಾರ್. ಸ್ವಲ್ಪ ಟೈಮು ಕೊಡಿ, ಕಲಿತುಕೊಳ್ತೇನೆ."

ಕೈಗೆ ದಾರ

ದೊಡ್ಡ ಪರೀಕ್ಷೆ ಮಡಿಕೇರಿಯಲ್ಲಿ. ಮಕ್ಕಳನ್ನು ಮರ ಸಾಗಿಸುವ ಲಾರಿಯಲ್ಲಿ ಕರೆದುಕೊಂಡು ಹೋಗಬೇಕು. ಬೆಳಗ್ಗೆ ಲಾರಿ ಬಂದು ನಿಂತಿತು. ತಂದೆ ತಾಯಿಯರೂ ಬಂದರು.

ಲೈನಿನ ಹೆಂಗಸರು ಮಾರಿಯಮ್ಮನ ಕುಂಕುಮ ತಂದಿದ್ದರು. ಅಂಗಡಿಯವರು ಮಸೀದಿಯಿಂದ ಮಂತ್ರಿಸಿದ ನೀರು ತಂದಿದ್ದರು. ಕೊಡವರ ಮನೆಯ ಹಿರಿಯರು ಅಕ್ಕಿ ಹಾಕಿ ಹರಸಿದರು. ಗೌಡರು ಮನೆದೇವರ ದಾರ ಕಟ್ಟಿದರು. ನನ್ನ ಹೆಂಡತಿ ಎಲ್ಲರಿಗೂ ಒಂದೊಂದು ಚಮಚ ಮೊಸರು ಕೊಟ್ಟಳು.

ಹೆಡ್ ಮೇಷ್ಟ್ರು ಇದನ್ನೆಲ್ಲ ನಂಬುವವರಲ್ಲ. "ಓದಿದ್ದರೆ ಬರುತ್ತೆ, ಇಲ್ಲದಿದ್ದರೆ ಇಲ್ಲ," ಎನ್ನುತ್ತಾ ನಿಂತಿದ್ದರು. ಸ್ವಲ್ಪ ಹೊತ್ತು ನೋಡಿದರು. ಕನ್ನಡಕ ಒರೆಸಿದರು. ಆಮೇಲೆ ಮೆಲ್ಲಗೆ ಕೈ ಚಾಚಿದರು. ಗೌಡರು ಒಂದು ದಾರ ಕಟ್ಟಿದರು. ಲೈನಿನವರು ಒಂದು ಕಟ್ಟಿದರು. ನೀರು ಕುಡಿದರು. ಕುಂಕುಮ ಇಡಿಸಿಕೊಂಡರು. ಅಕ್ಕಿಗೆ ತಲೆ ಬಾಗಿದರು.

ಲಾರಿ ಡ್ರೈವರು ಮೇಲಿನಿಂದ ನೋಡುತ್ತಿದ್ದ. "ಪರೀಕ್ಷೆ ಬರೆಯೋದು ಮಕ್ಕಳಾ, ಮೇಷ್ಟ್ರಾ?" ಅಂದ.

ದಾರಿಯಲ್ಲಿ, ತಿರುವಿನಲ್ಲಿ, ಆನೆ. ರಸ್ತೆಗೆ ಅಡ್ಡ ನಿಂತಿತ್ತು. ಒಂಟಿ. ನಾನೂ ಲಾರಿಯ ಹಿಂದೆ ಇದ್ದೆ. ಮೇಸ್ತ್ರಿಯ ಮಗಳು ನನ್ನ ತೋಳು ಹಿಡಿದಿದ್ದಳು. ಇವಳಿಗೆ ಏನಾದರೂ ಆದರೆ ಎಂದು ನಾನು ಅವಳ ಮುಂದೆ ನಿಂತೆ. ನನ್ನ ಮುಂದೆ ನಿಲ್ಲುವವರು ಯಾರೂ ಇರಲಿಲ್ಲ. ಡ್ರೈವರು ಇಂಜಿನ್ ಬಂದ್ ಮಾಡಿದ. ತುಂಬಾ ಹೊತ್ತು ಆಯಿತು. ಆನೆ ಒಂದು ಬಿದಿರು ಮುರಿದು, ತಿಂದು, ಇಳಿದು ಹೋಯಿತು.

ವಾಪಸು ಬಂದ ಮೇಲೆ ಹೆಡ್ ಮೇಷ್ಟ್ರು ಕೈ ತೋರಿಸಿ ನನ್ನ ಹೆಂಡತಿಯನ್ನು ಕೇಳಿದರು. "ಇದರಲ್ಲಿ ಯಾವುದಮ್ಮಾ ಕೆಲಸ ಮಾಡಿದ್ದು?"

"ಗೊತ್ತಾಗೋವರೆಗೂ ಯಾವುದನ್ನೂ ಬಿಚ್ಚಬೇಡಿ ಸ್ವಾಮಿ," ಅಂದಳು.

ಅವರು ಬಿಚ್ಚಲಿಲ್ಲ. ಸ್ನಾನಕ್ಕೂ ಬಿಚ್ಚಲಿಲ್ಲ.

ಎರಡು

ರಿಸಲ್ಟು ಬರುವ ಹೊತ್ತಿಗೆ ನನ್ನ ಹೆಂಡತಿಗೆ ಚಳಿಜ್ವರ ಬಂತು. ಒಂದು ದಿನ ಬಿಟ್ಟು ಒಂದು ದಿನ ನಡುಗುತ್ತಿದ್ದಳು. ಕಂಬಳಿಯ ಮೇಲೆ ಕಂಬಳಿ ಹಾಕಿ ನಾನು ಮೇಲೆ ಒರಗಿದರೂ ನಡುಕ ನಿಲ್ಲುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಬಾಗಿಲಿಗೆ ಬಂದು ಇಣುಕಿ, ತಲೆ ಆಡಿಸಿ ಹೋಗುತ್ತಿದ್ದರು. ಶಾಲೆಗೆ ಬೀಗ ಬಿದ್ದರೆ ಇವಳನ್ನು ಈ ಸ್ಥಿತಿಯಲ್ಲಿ ಎಲ್ಲಿಗೆ ಎತ್ತಿಕೊಂಡು ಹೋಗಲಿ? ಅದೊಂದೇ ಯೋಚನೆ ನನಗೆ.

ರಿಸಲ್ಟು ನೋಡಲು ಸುಬೇದಾರರು ಮಡಿಕೇರಿಗೆ ಹೋಗುವುದೆಂದಾಯಿತು. ಹೆಡ್ ಮೇಷ್ಟ್ರಿಗೆ ಹೋಗಲು ಧೈರ್ಯ ಇರಲಿಲ್ಲ. ಕಾಯುವುದಕ್ಕೂ ಇರಲಿಲ್ಲ.

"ಸುಬೇದಾರ್ರೇ, ನೀವು ಗುಡ್ಡದ ಮೇಲಿನಿಂದ ಇಳಿದು ಬರೋದಕ್ಕೆ ಹೊತ್ತಾಗುತ್ತೆ. ದಾರಿಯಲ್ಲಿ ನಿಮಗೆ ನೆಂಟರ ಮನೆಗಳು ಬೇರೆ. ಮೇಲಿನಿಂದಲೇ ಒಂದು ಗುಂಡು ಹಾರಿಸಿ. ಒಬ್ಬರು ಪಾಸಾದರೆ ಒಂದು ಗುಂಡು."

"ಗುಂಡು ಕೇಳದಿದ್ದರೆ?" ಅಂದರು ಸುಬೇದಾರರು.

"ಕೇಳದಿದ್ದರೆ ನಾನು ಹಿಂದಿನ ದಾರಿಯಲ್ಲಿ ಹೋಗ್ತೇನೆ. ಟ್ರಂಕು ಕಟ್ಟಿಟ್ಟಿದ್ದೇನೆ."

ಇಲ್ಲಿಯ ಪದ್ಧತಿ ಹೇಳಬೇಕು. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಯಾರಾದರೂ ಸತ್ತರೆ ಎರಡು, ಒಂದರ ಹಿಂದೆ ಒಂದು. ಎರಡು ಕೇಳಿತೆಂದರೆ ಗದ್ದೆಯಲ್ಲಿದ್ದವನು ನೇಗಿಲು ಬಿಡಬೇಕು. ಬಿಳಿ ಬಟ್ಟೆ ಉಟ್ಟು ಮನೆಗೊಬ್ಬ ಸತ್ತವರ ಮನೆಗೆ ಹೋಗಬೇಕು.

ಸುಬೇದಾರರಿಗೆ ಇದು ಗೊತ್ತಿಲ್ಲವೇ? ಗೊತ್ತು. ನನಗೂ ಗೊತ್ತು. ಆದರೆ ನಮ್ಮ ಶಾಲೆಯಲ್ಲಿ ಇಬ್ಬರು ಪಾಸಾಗಬಹುದು ಎಂದು ಯಾರಿಗೂ ಹೊಳೆಯಲಿಲ್ಲ. "ಒಂದು ಹಾರಿದರೆ ಜನ ಗಂಡು ಮಗು ಅಂದುಕೊಳ್ತಾರೆ. ಅಂದುಕೊಳ್ಳಲಿ. ನನ್ನ ಮೊಮ್ಮಗನಿಗಂತೂ ನಾನು ಕೋವಿಯ ತೋಟಾ ಖರ್ಚು ಮಾಡಬೇಕಾಗಿಲ್ಲ," ಎಂದು ನಕ್ಕು, ಜೋಡಿ ನಳಿಗೆಯ ಕೋವಿ ಹೆಗಲಿಗೆ ಹಾಕಿ ಹೋದರು.

ಮಧ್ಯಾಹ್ನ ಕಳೆದಿತ್ತು. ನಾನು ಬಾವಿಯ ಹತ್ತಿರ ಇದ್ದೆ. ಗುಡ್ಡದ ಮೇಲೆ ಗುಂಡು ಕೇಳಿತು. ಶಾಲೆ ಉಳಿಯಿತು! ಹಗ್ಗ ಬಿಟ್ಟು ಕೈ ಮುಗಿದೆ.

ಮುಗಿದ ಕೈ ಹಾಗೇ ಇತ್ತು. ಎರಡನೆಯದು ಕೇಳಿತು.

ನನಗೆ ಪಾಸು ನೆನಪಾಗಲಿಲ್ಲ. ಎರಡು ಎಂದರೆ ಸಾವು. ಹಾಸಿಗೆಯಲ್ಲಿ ಇರುವವಳು ಅವಳು. ಗುಂಡು ಹಾರಿದ್ದು ಗುಡ್ಡದ ಮೇಲೆ, ಅವಳು ಮಲಗಿರುವುದು ಕೆಳಗೆ, ಇವೆರಡಕ್ಕೂ ಏನು ಸಂಬಂಧ ಎಂದು ಕೇಳಲು ಕಾಲು ನಿಲ್ಲಬೇಕಲ್ಲ? ಓಡಿದೆ. ಅವಳು ಕಂಬಳಿ ಹೊದ್ದುಕೊಂಡೇ ಹೊರಗೆ ಓಡಿಬಂದಳು. ಬಾಗಿಲಲ್ಲಿ ಡಿಕ್ಕಿ. ಇಬ್ಬರೂ ಬಿದ್ದೆವು.

"ನೀನು ಇದ್ದೀಯಾ?" ಅಂದೆ.

"ನೀವು ಬಾವಿಗೆ ಬಿದ್ದಿರಿ ಅಂದ್ಕೊಂಡೆ," ಅಂದಳು.

ಅಷ್ಟರಲ್ಲಿ ಹೆಡ್ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಬಂದರು. "ಇಬ್ಬರು! ಕೇಳಿಸ್ತಾ? ಇಬ್ಬರು!" ಎಂದು ಕುಣಿದರು. ಆಗ ನಮಗೆ ತಿಳಿಯಿತು. ತಿಳಿದು ನಗುವಷ್ಟರಲ್ಲಿ ಜನ ಬರಲು ಶುರುವಾಯಿತು.

ಗುಡ್ಡದ ಎರಡೂ ಕಡೆಯಿಂದ ಬಿಳಿ ಬಟ್ಟೆಯವರು ಸಾಲಾಗಿ ಇಳಿಯುತ್ತಿದ್ದರು. ಹೆಡ್ ಮೇಷ್ಟ್ರಿಗೆ ಪದ್ಧತಿ ಗೊತ್ತಿಲ್ಲ. "ನೋಡಯ್ಯಾ, ಇಬ್ಬರು ಪಾಸಾದ್ದಕ್ಕೆ ಎಷ್ಟು ಜನ! ಮಡಿ ಉಟ್ಟು ಬರ್ತಿದ್ದಾರೆ!" ಅಂದರು. ತಿರುವಿನಲ್ಲಿ ಹೆಂಗಸರು ಅಳಲು ಶುರು ಮಾಡಿದರು. "ಅಳ್ತಾ ಇದ್ದಾರೆ, ಆನಂದಕ್ಕೆ," ಅಂದರು.

ನನ್ನ ಹೆಂಡತಿ ಒಬ್ಬ ಗೌಡತಿಯನ್ನು ತಡೆದು ಕೇಳಿದಳು. "ಯಾರಕ್ಕಾ ಹೋದ್ರು?"

"ನೀನೇ," ಅಂದಳು ಆಕೆ, ಕಣ್ಣು ಒರೆಸುತ್ತಾ. ಆಮೇಲೆ ಮುಖ ನೋಡಿ ಕೂಗಿ ಹಿಂದೆ ಹಾರಿದಳು.

ಆಕೆಯ ಗಂಡ ಚಟ್ಟಕ್ಕೆ ಬಿದಿರು ಕಡಿದೇ ತಂದಿದ್ದ. ಎಲ್ಲಿ ಇಡಲಿ ಎಂದು ತಿಳಿಯದೆ ಹೆಗಲ ಮೇಲೆ ಹೊತ್ತುಕೊಂಡು ನಿಂತಿದ್ದ. "ಅಂದಾಜಿನ ಮೇಲೆ ಕಡಿದೆ," ಅಂದ, ಏನಾದರೂ ಹೇಳಬೇಕಲ್ಲ ಎಂದು.

"ಅಳತೆ ತಗೊಳ್ಳಿ ಅಣ್ಣ, ನಿಂತೇ ಇದ್ದೀನಿ," ಅಂದಳು ನನ್ನ ಹೆಂಡತಿ. ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಸಾವಿಗೆ ಬಂದವರು ಹೆಣದ ಕೈಯಿಂದ ಕಾಫಿ ಕುಡಿದು ಹೋದರು.

ಸುಬೇದಾರರು ಕೊನೆಗೆ ಬಂದರು. ಮೇಸ್ತ್ರಿಯ ಮಗಳು ಪಾಸು. ಎರಡನೆಯವನು ಅವರ ಮೊಮ್ಮಗನೇ. ಅವಳ ಹತ್ತಿರ ಉತ್ತರ ಕೇಳಲು ವರ್ಷವೆಲ್ಲ ತಮಿಳು ಕಲಿತಿದ್ದ. ಉತ್ತರವೂ ಜೊತೆಗೆ ತಲೆಗೆ ಹೋಗಿತ್ತು. ಅವನ ಹೆಸರು ಕಂಡ ಕೂಡಲೆ ಸುಬೇದಾರರಿಗೆ ಹುಟ್ಟು ಸಾವು ಎಲ್ಲ ಮರೆತಿತ್ತು. ಎರಡನೇ ನಳಿಗೆಯನ್ನೂ ಹಾರಿಸಿದ್ದರು.

ಹೆಡ್ ಮೇಷ್ಟ್ರಿಗೆ ಎಲ್ಲ ತಿಳಿಸಿದೆವು. ಅವರು ಬಿಳಿಚಿಕೊಂಡರು. "ತಪ್ಪಾಯಿತಮ್ಮಾ," ಎಂದು ನನ್ನ ಹೆಂಡತಿಗೆ ಕೈ ಮುಗಿದರು.

"ತಪ್ಪೇನಿಲ್ಲ ಸ್ವಾಮಿ. ಮುಂದಿನ ವರ್ಷ ಮೂರು ಜನರನ್ನ ಪಾಸು ಮಾಡ್ಸಿ. ಆಗದಿದ್ರೆ ಒಬ್ಬರು ಸಾಕು. ಎರಡು ಮಾತ್ರ ಬೇಡ."

ಮೂರು

ಮುಂದಿನ ವರ್ಷ ಕಟ್ಟುನಿಟ್ಟು ಮಾಡಿದೆವು. ಒಬ್ಬರು ಪಾಸಾದರೆ ಒಂದು ಗುಂಡು. ಮೂವರಾದರೆ ಮೂರು. ಇಬ್ಬರಾದರೆ ಹಾರಿಸಲೇಬಾರದು, ಸುಮ್ಮನೆ ನಡೆದು ಬರಬೇಕು. ಇದನ್ನು ಊರಿಗೆಲ್ಲ ನಾನೇ ಹೋಗಿ ಹೇಳಿ ಬಂದೆ. "ಎರಡು ಕೇಳಿದರೆ ಅದು ಶಾಲೆಯದಲ್ಲ. ನಿಜವಾದ ಸಾವು," ಎಂದೆ.

ಹೆಡ್ ಮೇಷ್ಟ್ರು ವರ್ಷವೆಲ್ಲ ಮೂರನೆಯವನನ್ನು ತಯಾರು ಮಾಡುತ್ತಾ ಸವೆದುಹೋದರು. ಬೀಗದ ಹೆದರಿಕೆಗಿಂತ ಎರಡರ ಹೆದರಿಕೆ ದೊಡ್ಡದಾಗಿತ್ತು.

ಆ ಸಲ ಮಳೆ ಬೇಗ ಹಿಡಿಯಿತು. ನನ್ನ ಹೆಂಡತಿ ಗುಣವಾಗಿದ್ದಳು. ಆದರೂ ಮೈ ಬಡವಾಗಿತ್ತು. ರಿಸಲ್ಟಿನ ದಿನ ಸುಬೇದಾರರು ಮಡಿಕೇರಿಗೆ ಹೋಗಿದ್ದರು, ನಾವು ಅಂಗಳದಲ್ಲಿ ನಿಂತಿದ್ದೆವು. ಹೆಡ್ ಮೇಷ್ಟ್ರೂ ಇದ್ದರು, ಕೈಯಲ್ಲಿ ಹಳೆಯ ದಾರಗಳ ಜೊತೆ ಹೊಸವು.

ಒಂದು ಕೇಳಿತು. ಎರಡು ಕೇಳಿತು.

ಆಮೇಲೆ ಏನೂ ಇಲ್ಲ.

ಗದ್ದೆಯಲ್ಲಿ ಜನ ನೇಗಿಲು ಬಿಟ್ಟರು. ಎದುರಿನ ಮನೆಯ ಬಾಗಿಲಲ್ಲಿ ಬಿಳಿ ಬಟ್ಟೆ ಕಾಣಿಸಿತು. ಹೆಡ್ ಮೇಷ್ಟ್ರು ನೆಲಕ್ಕೆ ಕೂತರು. ನಾನೇ ಹೇಳಿ ಬಂದವನು, ಎರಡಾದರೆ ನಿಜ ಎಂದು. ಯಾರು? ಗುಡ್ಡದ ಮೇಲೆ ಸುಬೇದಾರರಿಗೇ ಏನಾದರೂ ಆಯಿತೇ? ಅವಳ ಕೈ ಹಿಡಿದೆ. ಬಿಸಿಯಾಗಿತ್ತು. ಅಷ್ಟು ಸಾಕಿತ್ತು, ಆದರೂ ಬಿಡಲಿಲ್ಲ.

ಅವಳು ಮಾತ್ರ ಗುಡ್ಡದ ಕಡೆ ನೋಡುತ್ತಾ ನಿಂತಿದ್ದಳು.

"ಇರಿ," ಅಂದಳು. "ಅವರದು ಜೋಡಿ ನಳಿಗೆ. ಎರಡಾದ ಮೇಲೆ ಕೋವಿ ತುಂಬಿಸಬೇಕಲ್ಲ? ತುಂಬಿಸ್ತಾ ಇದ್ದಾರೆ. ಇನ್ನೊಂದಿದೆ."

ಮಳೆಗೆ ತೋಟಾ ಊದಿಕೊಂಡು ನಳಿಗೆಗೆ ಹೋಗಿರಲಿಲ್ಲವಂತೆ. ಸುಬೇದಾರರು ಅದನ್ನು ಒರೆಸಿ, ಉಜ್ಜಿ, ಬೈದು ತುಂಬಿಸುವಷ್ಟರಲ್ಲಿ ಬಿದಿರಿನವನು ನಮ್ಮ ಬೇಲಿಯವರೆಗೆ ಬಂದಿದ್ದ.

ಮೂರನೆಯದು ಕೇಳಿತು. ಅವನು ಅಲ್ಲಿಂದಲೇ ಬಿದಿರು ಎತ್ತಿಕೊಂಡು ತಿರುಗಿದ. "ಹೋದ ವರ್ಷದ್ದೇ ಇದು ಅಕ್ಕಾ, ಇಟ್ಟಿರ್ತೇನೆ," ಎಂದು ಕೂಗಿದ. ಅವಳು ಸೊಂಟ ಹಿಡಿದುಕೊಂಡು ನಕ್ಕಳು.

ಅವಳು ಹೋದದ್ದು ಈ ವರ್ಷ, ಮಳೆ ನಿಂತ ಮೇಲೆ. ಶಾಲೆಗೆ ಬೀಗ ಬೀಳಲಿಲ್ಲ. ನಮ್ಮ ಆ ಕೋಣೆಯಲ್ಲೇ ಹೋದಳು. ನಮ್ಮವರಲ್ಲಿ ಗುಂಡಿನ ಪದ್ಧತಿ ಇಲ್ಲ. ಹಾಗೆಂದು ಸುಬೇದಾರರಿಗೆ ಹೇಳಿದೆ. "ಊರಿಗೆಲ್ಲ ಕಾಫಿ ಕೊಟ್ಟವಳು. ಸುಮ್ಮನೆ ಕಳಿಸುವುದಿಲ್ಲ," ಎಂದು ಕೋವಿ ಎತ್ತಿಕೊಂಡು ಬೇಲಿಯ ಆಚೆ ಹೋದರು.

ಒಂದು ಹಾರಿತು. ಎರಡು ಹಾರಿತು.

ಜನ ಒಳಗೆ ಹೋದರು. ನಾನು ಅಂಗಳದಲ್ಲೇ ನಿಂತಿದ್ದೆ. ಹೆಡ್ ಮೇಷ್ಟ್ರು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. "ಬಾಪ್ಪಾ, ಒಳಗೆ ಕಾಯ್ತಾ ಇದ್ದಾರೆ. ಯಾಕೆ ನಿಂತೆ?"

"ಇರಿ ಸ್ವಾಮಿ," ಅಂದೆ. "ಕೋವಿ ತುಂಬಿಸ್ತಾ ಇದ್ದಾರೆ."